ಮೂಳೆ ಹಾಕಿ, ಆದರೆ ಹೇಳಿ ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಭಾನುವಾರ ಬಂತೆಂದರೆ ನಿಮ್ಮ ಪತ್ರಿಕೆಯಲ್ಲಿ ಹಲ್ಲಿನ ಜಾಹೀರಾತು ಇದ್ದೇ ಇರುತ್ತದೆ. 'ನೋವಿಲ್ಲದೆ ಫಿಕ್ಸೆಡ್ ಹಲ್ಲು', 'ಮೂಳೆ ಇಲ್ಲದವರಿಗೂ ಇಂಪ್ಲಾಂಟ್' (ಹೊಸ ಹಲ್ಲು ನಿಲ್ಲಿಸಲು ದವಡೆ ಮೂಳೆಗೆ ಕೂರಿಸುವ ಸ್ಕ್ರೂ) ಅಂತ. ಆ ಎರಡನೇ ಮಾತಿನ ಬಗ್ಗೆ ನನಗೆ ಸ್ವಲ್ಪ ಹೇಳುವುದಿದೆ. ಮೂಳೆ ಇಲ್ಲದವನಿಗೆ ಮೂಳೆ ಎಲ್ಲಿಂದ ಬರುತ್ತದೆ, ಅದು ಕೂಡಿಕೊಳ್ಳುವುದಕ್ಕೆ ಎಷ್ಟು ದಿನ ಬೇಕು ಅನ್ನೋದನ್ನು ನಾನು ಕಲಿತದ್ದು ಒಂದು ಮದುವೆ ಸೀಸನ್ ಕಳೆದುಕೊಂಡು.

ನಾನು ತಿಪಟೂರು ತಾಲ್ಲೂಕಿನವನು. ವಯಸ್ಸು 54. ಓದಿದ್ದು ಎಸ್ಸೆಸ್ಸೆಲ್ಸಿ. ಓಲಗ ಊದುವುದು ಕಸುಬು, ಅಪ್ಪನಿಂದ ಬಂದದ್ದು. ಮದುವೆ, ಗೃಹಪ್ರವೇಶ, ನಮ್ಮೂರ ದೇವಸ್ಥಾನದ ಉತ್ಸವ, ಎಲ್ಲಕ್ಕೂ ಹೋಗುತ್ತೇನೆ. ಬಾಯಿ ಸರಿ ಇದ್ದರೆ ನಮಗೆ ಅನ್ನ.

ಮೇಲಿನ ಎಡಗಡೆ ದವಡೆ ಹಲ್ಲು ಎರಡು ಹೋಗಿ ಆರೇಳು ವರ್ಷವಾಗಿತ್ತು. ಎಲೆ ಅಡಿಕೆ, ಕಡ್ಡಿಪುಡಿ, ಉದಾಸೀನ, ಮೂರೂ ಸೇರಿ ತೆಗೆದವು. ತೆಗೆದು ಹಾಕುವ ಹಲ್ಲಿನ ಸೆಟ್ ಮಾಡಿಸಿದೆ. ಊಟಕ್ಕೆ ಪರವಾಗಿಲ್ಲ. ನಾಗಸ್ವರಕ್ಕೆ ಮಾತ್ರ ಆಗಲ್ಲ. ಪೀಪಿ (ವಾದ್ಯದ ತುದಿಯ ಊದುವ ಕಡ್ಡಿ) ತುಟಿಗಿಟ್ಟು ಉಸಿರು ಕಟ್ಟಿದ ಕೂಡಲೇ ಕೆನ್ನೆಯೊಳಗಿನ ಗಾಳಿಗೆ ಸೆಟ್ಟು ಅಲ್ಲಾಡುತ್ತದೆ. ಒಮ್ಮೆ ಆರತಕ್ಷತೆಯಲ್ಲಿ ಕಲ್ಯಾಣಿ ರಾಗದ ಮಧ್ಯೆ ಕಳಚಿ ನಾಲಿಗೆ ಮೇಲೇ ಬಿತ್ತು. ಡೋಲಿನವನು ನಕ್ಕು ತಾಳ ತಪ್ಪಿದ. ಅವತ್ತೇ ಫಿಕ್ಸೆಡ್ ಹಲ್ಲು ಹಾಕಿಸಬೇಕು ಅಂತ ತೀರ್ಮಾನ ಮಾಡಿದೆ.

ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿದರು. ಇಂಪ್ಲಾಂಟ್ ಸ್ಕ್ರೂ ನಿಲ್ಲಲು ಎಂಟು ಹತ್ತು ಮಿಲಿಮೀಟರ್ ಮೂಳೆ ಇದ್ದರೆ ಅನುಕೂಲ, ನಿಮಗೆ ಉಳಿದಿರೋದು ಮೂರೇ ಮಿಲಿಮೀಟರ್ ಅಂದರು. ಅದರ ಮೇಲೆ ಸೈನಸ್, ಅಂದರೆ ಕೆನ್ನೆಯೊಳಗಿನ ಟೊಳ್ಳು ಅಂತ ನನಗೆ ತಿಳಿದದ್ದು ಆಮೇಲೆ. 'ಸೈನಸ್ ಲಿಫ್ಟ್ ಮಾಡಿ ಬೋನ್ ಹಾಕ್ತೀವಿ, ಆರಾಮಾಗಿ ಇರಿ' ಅಂದರು. ಯಾವ ಬೋನ್ ಸಾರ್ ಅಂದೆ. 'ಒಳ್ಳೆ ಇಂಪೋರ್ಟೆಡ್ ಬೋನ್. ಅದೆಲ್ಲ ನಿಮಗ್ಯಾಕೆ?' ಅಂದರು. ನಾಲ್ಕು ಪುಟದ ಇಂಗ್ಲಿಷ್ ಫಾರಂ ಕೊಟ್ಟರು. ಸಹಿ ಹಾಕಿದೆ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಅವರ ಮೇಲೆ ನನಗೆ ಈಗ ಕೋಪವೂ ಇಲ್ಲ. ಕೈ ಚೆನ್ನಾಗಿತ್ತು, ನೋವು ಗೊತ್ತಾಗಲಿಲ್ಲ. ಬಾಯಿ ಮಾತ್ರ ಬಿಗಿ.

ಆಪರೇಷನ್ ಆದದ್ದು 2023ರ ಫೆಬ್ರುವರಿ ಮೊದಲ ವಾರ. ಕೈಗೆ ಇನ್ನೊಂದು ಇಂಗ್ಲಿಷ್ ಚೀಟಿ ಬಂತು, ಮಾಡಬಾರದ್ದರ ಪಟ್ಟಿ. ಮನೆಯಲ್ಲಿ ಮಗ ಓದಿ ಹೇಳಿದ. ಮೂಗು ಸೀದಬಾರದು. ಸ್ಟ್ರಾ ಹಾಕಿ ಕುಡಿಯಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ವಿಮಾನ ಹತ್ತಬಾರದು. ವಿಮಾನ ನಾನು ಯಾವತ್ತೂ ಹತ್ತಿದವನಲ್ಲ, ಸ್ಟ್ರಾ ಇಲ್ಲದೆಯೇ ಎಳನೀರು ಕುಡಿಯೋ ಊರು ನಮ್ಮದು. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದೆ. ಓಲಗ ಊದಬಾರದು ಅಂತ ಆ ಚೀಟಿಯಲ್ಲಿ ಇರಲಿಲ್ಲ. ನೀವೇನು ಕೆಲಸ ಮಾಡುತ್ತೀರಿ ಅಂತ ಯಾರೂ ಕೇಳಿರಲೂ ಇಲ್ಲ. ನಾನೂ ಹೇಳಲಿಲ್ಲ, ಅದು ನನ್ನ ದಡ್ಡತನ. ಹಲ್ಲಿಗೂ ಓಲಗಕ್ಕೂ ಸಂಬಂಧ ಇದೆ ಅಂತ ಗೊತ್ತಿತ್ತು. ಮೂಗಿಗೂ ಹಲ್ಲಿಗೂ ನಡುವೆ ಒಂದು ಗಾಳಿ ಕೋಣೆ ಇದೆ ಅಂತ ಗೊತ್ತಿರಲಿಲ್ಲ.

ಹದಿಮೂರನೇ ದಿನ ಅರಸೀಕೆರೆಯಲ್ಲಿ ಮದುವೆ. ಮೂರು ತಿಂಗಳ ಹಿಂದೆಯೇ ವೀಳ್ಯ ಕೊಟ್ಟಿದ್ದರು. ಹೊಲಿಗೆ ಬಿಚ್ಚಿಸಿಕೊಂಡು ಬಂದಿದ್ದೆ, ಊತ ಇರಲಿಲ್ಲ. ಹೋದೆ. ಧಾರೆ ಹೊತ್ತಿಗೆ ಪುರೋಹಿತರು ಕೈ ಎತ್ತಿ 'ಗಟ್ಟಿಮೇಳ, ಗಟ್ಟಿಮೇಳ' ಅಂದರು. ಓಲಗದವರಿಗೆ ಗೊತ್ತು, ಆಗ ಉಸಿರು ಉಳಿಸಿಕೊಳ್ಳುವ ಮಾತೇ ಇಲ್ಲ. ಊದಿದೆ. ಎಡಗಣ್ಣಿನ ಕೆಳಗೆ ಏನೋ ಟಪ್ ಅಂದ ಹಾಗಾಯಿತು. ಗಂಟಲಿಗೆ ಉಪ್ಪುಪ್ಪು ಇಳಿಯಿತು. ತಾಳಿ ಕಟ್ಟುವವರೆಗೂ ನಿಲ್ಲಿಸಲಿಲ್ಲ. ನಿಲ್ಲಿಸುವ ಹಾಗೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಎಡ ಮೂಗಿನಿಂದ ನೀರು ಬಂತು. ಕರವಸ್ತ್ರದಲ್ಲಿ ಒರೆಸಿ ನೋಡಿದರೆ ಬಿಳಿ ಬಿಳಿ ಕಾಳು. ಚಿರೋಟಿ ರವೆ ಇರುತ್ತಲ್ಲ, ಹಾಗೆ. ಕೆಲವು ಅದಕ್ಕಿಂತ ದಪ್ಪ, ಉಪ್ಪಿಟ್ಟಿನ ರವೆಯಷ್ಟು. ಎರಡು ಬೆರಳಿನಲ್ಲಿ ಉಜ್ಜಿದೆ, ಕರಗಲಿಲ್ಲ, ಕರಕರ ಅಂತು. ನೀರಿಗೆ ಹಾಕಿದೆ, ತಳಕ್ಕೆ ಹೋಗಿ ಕೂತಿತು. ಮದುವೆಮನೆ ಅಕ್ಷತೆಯ ನುಚ್ಚು ಮೂಗಿಗೆ ಹೋಗಿರಬೇಕು ಅಂದಳು ನನ್ನ ಹೆಂಡತಿ. ನನ್ನ ತಂಗಿಯ ಮಗಳು ಬಿಡಿಎಸ್ ಓದುತ್ತಿದ್ದಾಳೆ. ಫೋಟೊ ತೆಗೆದು ಅವಳಿಗೆ ಕಳಿಸಿದೆ. ಎರಡೇ ನಿಮಿಷಕ್ಕೆ ಫೋನ್ ಬಂತು. 'ಮಾವ, ಅದು ಅಕ್ಷತೆ ಅಲ್ಲ. ನಿನಗೆ ಹಾಕಿದ ಮೂಳೆ ಅದು. ಏನು ಮಾಡಿದೆ ನಿನ್ನೆ?'

ಮುಂದಿನ ವಾರದಲ್ಲಿ ಕೆನ್ನೆ ಭಾರವಾಯಿತು, ಬಗ್ಗಿದರೆ ತಲೆ ಸಿಡಿತ, ಮೂಗಿನಲ್ಲಿ ಕೊಳೆತ ವಾಸನೆ. ಮಾತ್ರೆಗೆ ಜಗ್ಗಲಿಲ್ಲ. ಬೆಂಗಳೂರಿನ ಒಂದು ದಂತ ಕಾಲೇಜಿನ ಆಸ್ಪತ್ರೆಗೆ ತಂಗಿ ಮಗಳೇ ಕರೆದುಕೊಂಡು ಹೋದಳು. ಮಾರ್ಚ್ ಮೊದಲ ವಾರ ಒಳಗಿದ್ದ ಅಷ್ಟೂ ಮೂಳೆ ಕಾಳನ್ನು ತೆಗೆದು ತೊಳೆದರು. ಬೇಸಿಗೆಯ ಹನ್ನೊಂದು ಮದುವೆಯ ವೀಳ್ಯ ವಾಪಸ್ ಕೊಟ್ಟೆ.

ಒಳಗೆ ಏನಾಗಿತ್ತು ಅಂತ ನನಗೆ ಅರ್ಥವಾದದ್ದು ಮೊಟ್ಟೆಯಿಂದ. ತಂಗಿ ಮಗಳು ರಜಕ್ಕೆ ಬಂದಿದ್ದಾಗ ಒಂದು ಹಸಿ ಮೊಟ್ಟೆ ತರಿಸಿದಳು. ಅವತ್ತು ಸೋಮವಾರ, ಅಡುಗೆಮನೆಗೆ ಮೊಟ್ಟೆ ತರಬೇಡ ಅಂತ ನನ್ನ ಹೆಂಡತಿ ಹಿತ್ತಲಿಗೆ ಅಟ್ಟಿದಳು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಉಗುರು ಉಜ್ಜುವ ಅರದಿಂದ ಮೊಟ್ಟೆಯ ಪಕ್ಕದಲ್ಲಿ ಕಡಲೆಬೀಜದಷ್ಟು ಜಾಗವನ್ನು ಮೆಲ್ಲಗೆ ತಿಕ್ಕಿದಳು. ಚಿಪ್ಪು ತೆಳ್ಳಗಾಗಿ ಹೋಯಿತು, ಒಳಗಿನ ಪೊರೆ ಮಾತ್ರ ಉಳಿಯಿತು. ಬೆರಳಿಟ್ಟರೆ ಮಿದುವಾಗಿ ಒಳಗೆ ಹೋಗಿ ಬರುತ್ತಿತ್ತು. ಕಾಲೇಜಿನಲ್ಲಿ ಹೀಗೇ ಮೊಟ್ಟೆ ಮೇಲೆ ಅಭ್ಯಾಸ ಮಾಡುತ್ತಾರಂತೆ.

'ಮಾವ, ಮೇಲ್ದವಡೆ ಹಲ್ಲಿನ ಬೇರಿನ ಮೇಲೆ ಒಂದು ಟೊಳ್ಳು ಇದೆ. ಎರಡು ಕೆನ್ನೆಯಲ್ಲೂ ಒಂದೊಂದು. ಮೂಗಿಗೆ ಸಣ್ಣ ಕಿಂಡಿ ಇದೆ. ಹಲ್ಲು ಹೋದ ಮೇಲೆ ಆ ಟೊಳ್ಳು ಕೆಳಗೆ ಕೆಳಗೆ ಹಿಗ್ಗುತ್ತೆ, ಮೂಳೆ ಸವೆಯುತ್ತೆ. ಟೊಳ್ಳಿನ ಒಳಗೆ ಇಂಥದ್ದೇ ಒಂದು ಪೊರೆ. ದಪ್ಪ ಅಂದರೆ ಒಂದು ಮಿಲಿಮೀಟರ್ ಇದ್ದರೆ ಹೆಚ್ಚು. ಪಕ್ಕದ ಮೂಳೆಯಲ್ಲಿ ಕಿಟಕಿ ಕೊರೆದು, ಪೊರೆ ಹರಿಯದ ಹಾಗೆ ಎಬ್ಬಿಸಿ, ಅದರ ಕೆಳಗೆ ಮೂಳೆ ಕಾಳು ತುಂಬೋದೇ ಸೈನಸ್ ಲಿಫ್ಟು.' ಹೇಳುತ್ತಾ ಹೇಳುತ್ತಾ ಪೊರೆಯನ್ನು ಚಿಪ್ಪಿನಿಂದ ಬಿಡಿಸಲು ಹೋದಳು. ಅಷ್ಟರಲ್ಲಿ ಹರಿದು ಬಿಳಿ ಲೋಳೆ ಅವಳ ಕೈಯೆಲ್ಲ ಆಯಿತು. 'ನೋಡು, ಹೀಗೇ ಆಗೋದು' ಅಂದಳು.

ಪೊರೆ ಹರಿಯುವುದು ಈ ಆಪರೇಷನ್ನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಆಗುವ ತೊಂದರೆಯಂತೆ. ನುರಿತವರ ಕೈಯಲ್ಲೂ ಆಗುತ್ತದೆ. ಸಣ್ಣದಾದರೆ ಮೇಲೊಂದು ಕೊಲಾಜೆನ್ (ನಾರಿನಂಥ ಪ್ರೋಟೀನು) ಹಾಳೆ ಹಾಸಿ ಮುಚ್ಚುತ್ತಾರೆ. ಆದ್ದರಿಂದ ನನ್ನದು ಮೇಜಿನ ಮೇಲೇ ಹರಿದಿತ್ತೋ, ಅರಸೀಕೆರೆಯಲ್ಲಿ ಹರಿಯಿತೋ, ಈಗ ಯಾರೂ ಹೇಳಲಾರರು. ಆದರೆ ಹದಿಮೂರು ದಿನಕ್ಕೆ ಆ ಕಾಳುಗಳು ಸಡಿಲವಾಗಿಯೇ ಇರುತ್ತವೆ, ಅದಂತೂ ಖಾತ್ರಿ. ಅವುಗಳ ನಡುವೆ ಇದ್ದದ್ದು ಹೆಪ್ಪುಗಟ್ಟಿದ ರಕ್ತ, ಗಟ್ಟಿ ಮೂಳೆ ಇನ್ನೂ ಕಟ್ಟಿರಲಿಲ್ಲ. ಆಗ ತಾನೇ ಎರಕ ಹೊಯ್ದ ತಾರಸಿ ಮೇಲೆ ಹತ್ತಿ ಕುಣಿದ ಹಾಗಾಯಿತು ನನ್ನ ಗಟ್ಟಿಮೇಳ.

ಈಗ ಮೂಳೆ ವಿಷಯ. ಕ್ಲಿನಿಕ್ಕಿನವರು ಕೊಟ್ಟ ಫೈಲಿನ ಕೊನೇ ಹಾಳೆಗೆ ಒಂದು ಸ್ಟಿಕ್ಕರ್ ಅಂಟಿತ್ತು. ತಂಗಿ ಮಗಳು ಓದಿದಳು. ಅದು ಹಸುವಿನ ಜಾತಿಯ ದನದ ಮೂಳೆ.

ನಾನು ಸುಮ್ಮನೆ ಕೂತೆ. ಮಡಿ ಮೈಲಿಗೆ ಅಂತ ಹಾರಾಡುವವನಲ್ಲ ನಾನು. ನಮ್ಮ ಡೋಲಿಗೆ ಚರ್ಮವಿಲ್ಲದೆ ನಾದವಿಲ್ಲ, ಆ ಡೋಲು ಗರ್ಭಗುಡಿಯ ಎದುರಿಗೇ ಬಾರಿಸುತ್ತೇವೆ. ಡಾಕ್ಟರು ಮೊದಲೇ ಹೇಳಿದ್ದರೆ ಬಹುಶಃ ಆಗಲಿ ಸಾರ್ ಅನ್ನುತ್ತಿದ್ದೆನೇನೋ. ಆದರೆ ನನ್ನ ಹೆಂಡತಿ ಅನ್ನುತ್ತಿರಲಿಲ್ಲ. ನನ್ನ ಅಮ್ಮ ಬದುಕಿದ್ದರೆ ಮನೆಯಲ್ಲಿ ದೊಡ್ಡ ಗಲಾಟೆ ಆಗಿರುತ್ತಿತ್ತು. ಹಂದಿಯಿಂದ ಮಾಡಿದ ಮೂಳೆ, ಹಂದಿಯಿಂದ ಮಾಡಿದ ಕೊಲಾಜೆನ್ ಹಾಳೆಯೂ ಇವೆಯಂತೆ. ಅದನ್ನು ನಮ್ಮೂರ ಸಾಬರಿಗೆ ಹೇಳದೆ ಹಾಕಿದರೆ ಅವರಿಗೆ ಹೇಗನಿಸಬಹುದು? ಹತ್ತು ರೂಪಾಯಿ ಬಿಸ್ಕತ್ ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕಿ ಇರುತ್ತದೆ. ಸಾಯುವವರೆಗೂ ಮುಖದೊಳಗೆ ಇರೋ ವಸ್ತುವಿಗೆ ಒಂದು ಮಾತೂ ಇಲ್ಲ, ಇದು ಸರಿ ಅಲ್ಲ ಅಲ್ವಾ?

ಸಾಯುವವರೆಗೂ ಅಂದದ್ದು ಬಾಯಿಗೆ ಬಂದ ಮಾತಲ್ಲ. ದನದ ಮೂಳೆಯನ್ನು ಹೆಚ್ಚು ಶಾಖಕ್ಕೂ ರಾಸಾಯನಿಕಕ್ಕೂ ಒಡ್ಡಿ ಅದರ ಮಾಂಸಾಂಶವನ್ನೆಲ್ಲ ತೆಗೆದುಬಿಡುತ್ತಾರೆ. ಉಳಿಯುವುದು ಬರೀ ಖನಿಜ, ಸ್ಪಂಜಿನ ಹಾಗೆ ತೂತು ತೂತು. ದೇಹ ಅದನ್ನು ಬಹಳ ನಿಧಾನವಾಗಿ ಕರಗಿಸುತ್ತದೆ. ಎಷ್ಟೋ ವರ್ಷದ ನಂತರ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಹೊಸ ಮೂಳೆಯ ಮಧ್ಯೆ ಆ ಕಾಳುಗಳು ಕಾಣುತ್ತವೆ. ಅದು ದೋಷವಲ್ಲ, ಅದೇ ಅದರ ಗುಣ ಅಂತಲೂ ತಂಗಿ ಮಗಳು ಹೇಳಿದಳು. ಬೇಗ ಕರಗದ ಕಾರಣ ತುಂಬಿದ ಎತ್ತರ ಕುಸಿಯುವುದಿಲ್ಲ. ಪ್ರಪಂಚದಲ್ಲಿ ಸೈನಸ್ ಲಿಫ್ಟಿಗೆ ಬಹಳ ಬಳಸಿರುವ, ಬಹಳ ಪರೀಕ್ಷೆಯಾಗಿರುವ ವಸ್ತುಗಳಲ್ಲಿ ಅದೂ ಒಂದು. ಕೆಟ್ಟ ಮಾಲು ಹಾಕಿದರು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಮಾಲನ್ನೇ ಹಾಕಿದರು, ಹೇಳದೆ ಹಾಕಿದರು.

ನನಗೆ ತಿಳಿಯಲಿ ಅಂತ ಅವಳು ಹೀರೆ ಬಳ್ಳಿಯ ಲೆಕ್ಕ ಹೇಳಿದಳು. ದನದ ಮೂಳೆ ಅಂದರೆ ಕಲ್ಲುಕಂಬದ ಚಪ್ಪರ. ಬಳ್ಳಿ ಅದರ ಮೇಲೆ ಹಬ್ಬುತ್ತದೆ, ಚಪ್ಪರ ಹಾಗೇ ಇರುತ್ತದೆ. ಬಳ್ಳಿ ಅಂದರೆ ನಮ್ಮದೇ ಮೂಳೆ, ಸೈನಸ್ಸಿನ ತಳದಿಂದ, ಪಕ್ಕದ ಗೋಡೆಯಿಂದ ಚಿಗುರಿ ಬರಬೇಕಾದದ್ದು. ಕಾರ್ಖಾನೆಯಲ್ಲಿ ಮಾಡುವ ಕ್ಯಾಲ್ಸಿಯಂ ಫಾಸ್ಫೇಟ್ ಕಾಳೂ ಇವೆ. ಅವುಗಳಲ್ಲಿ ಟ್ರೈಕ್ಯಾಲ್ಸಿಯಂ ಅನ್ನೋದು ಒಣಕಡ್ಡಿಯ ಚಪ್ಪರ, ಬಳ್ಳಿ ಹಬ್ಬುತ್ತಾ ಹೋದ ಹಾಗೆ ಅದು ಕರಗುತ್ತಾ ಹೋಗುತ್ತದೆ. ಪ್ರಾಣಿಯೂ ಇಲ್ಲ, ಮನುಷ್ಯನೂ ಇಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಈ ಥರದ ಸೆರಾಮಿಕ್ ಮೂಳೆಯ ಮೇಲೆ ನಮ್ಮವರೇ ಕೆಲಸ ಮಾಡಿದ್ದಾರೆ. ಇನ್ನು ತೀರಿಹೋದ ದಾನಿಗಳ ಮೂಳೆ. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಟಿಷ್ಯೂ ಬ್ಯಾಂಕಿನಲ್ಲಿ ಮೂಳೆಯನ್ನು ಒಣಗಿಸಿ, ಗಾಮಾ ಕಿರಣ ಹಾಯಿಸಿ ಇಡುತ್ತಾರೆ. ಅದರ ಸುಣ್ಣದ ಅಂಶ ತೆಗೆದರೆ ಒಳಗಿರುವ ಪ್ರೋಟೀನು ಹೊರಗೆ ಬಂದು 'ಮೂಳೆ ಕಟ್ಟು' ಅಂತ ಸುತ್ತಲ ಜೀವಕೋಶಕ್ಕೆ ಹೇಳುತ್ತದಂತೆ. ಇದನ್ನು 1965ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಮಾರ್ಷಲ್ ಯೂರಿಸ್ಟ್ ಅನ್ನುವ ಡಾಕ್ಟರು. ಚಪ್ಪರಕ್ಕೆ ಗೊಬ್ಬರವನ್ನೂ ಹಾಕಿಕೊಟ್ಟ ಹಾಗೆ ಅಂದುಕೊಳ್ಳಿ.

ಕೊನೆಗೆ ನಮ್ಮ ಮೂಳೆಯೇ. ಗಲ್ಲದಿಂದಲೋ ಕೆಳದವಡೆಯ ಹಿಂಭಾಗದಿಂದಲೋ, ಜಾಸ್ತಿ ಬೇಕಾದರೆ ಸೊಂಟದಿಂದಲೋ ಕೆರೆದು ತೆಗೆಯುವುದು. ಅದು ಜೀವ ಇರುವ ಕಡ್ಡಿ ನೆಟ್ಟ ಹಾಗೆ, ತಾನೇ ಚಿಗುರುತ್ತದೆ. ಶುರುವಿನಲ್ಲಿ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಅಮೆರಿಕದ ಅಲಬಾಮಾದಲ್ಲಿ ಟೇಟಂ ಅನ್ನುವವರು 1970ರ ದಶಕದಲ್ಲಿ ಈ ಆಪರೇಷನ್ ಶುರುಮಾಡಿದರು. 1980ರಲ್ಲಿ ಬಾಯ್ನ್ ಮತ್ತು ಜೇಮ್ಸ್ ಅನ್ನುವ ಇಬ್ಬರು ಮೊದಲು ಅಚ್ಚಿನಲ್ಲಿ ಬರೆದರು, ಅವರು ಹಾಕಿದ್ದೂ ರೋಗಿಯದೇ ಮೂಳೆ. ಕಷ್ಟ ಏನೆಂದರೆ ಇನ್ನೊಂದು ಕಡೆ ಕೊಯ್ಯಬೇಕು, ನೋವು ಎರಡು ಕಡೆ. ಅದೂ ಅಲ್ಲದೆ ಬರೀ ನಮ್ಮ ಮೂಳೆ ಹಾಕಿದರೆ ಒಂದಷ್ಟು ಕರಗಿ ಎತ್ತರ ಇಳಿಯುತ್ತದೆ.

ನನಗೆ ಬಹಳ ಬೆರಗು ತಂದದ್ದು ಇನ್ನೊಂದು ವಿಷಯ. ಸ್ವೀಡನ್ನಿನ ಡಾಕ್ಟರುಗಳು ಪೊರೆ ಎತ್ತಿ, ಇಂಪ್ಲಾಂಟನ್ನೇ ಚಪ್ಪರದ ಕಂಬದ ಹಾಗೆ ನಿಲ್ಲಿಸಿ, ಏನೂ ತುಂಬದೆ ಬಿಟ್ಟು ನೋಡಿದರು. ಅಲ್ಲಿ ತುಂಬಿದ್ದು ಬರೀ ರಕ್ತ. ಆ ಹೆಪ್ಪುಗಟ್ಟಿದ ರಕ್ತದಲ್ಲೇ ಮೂಳೆ ಕಟ್ಟಿತು. 2004ರಲ್ಲಿ ಬರೆದಿದ್ದಾರೆ. ಎಲ್ಲರಿಗೂ ಅದು ಆಗುವುದಿಲ್ಲ, ಕಂಬ ನಿಲ್ಲುವಷ್ಟಾದರೂ ಹಳೇ ಮೂಳೆ ಇರಬೇಕು. ಇದನ್ನು ಕೇಳಿದ ಮೇಲೆ ನನಗೆ ಒಂದು ಹೊಳೆಯಿತು. ಪ್ಯಾಕೆಟ್ಟಿನಲ್ಲಿ ಬಂದದ್ದು ಏನೇ ಇರಲಿ, ಮೂಳೆ ಮಾಡುವುದು ನಮ್ಮ ರಕ್ತ, ನಮ್ಮ ಹಳೇ ಮೂಳೆ. ಅದಕ್ಕೆ ಬೇಕಾದದ್ದು ಅಲುಗಾಡದ ಜಾಗ, ಸಮಯ.

ಆ ಸಮಯದ ಲೆಕ್ಕವನ್ನೇ ನನಗೆ ಯಾರೂ ಹೇಳಿರಲಿಲ್ಲ. ಮೊದಲ ವಾರಗಳಲ್ಲಿ ಹೆಪ್ಪಿನೊಳಗೆ ಸಣ್ಣ ರಕ್ತನಾಳ ನುಗ್ಗುತ್ತವೆ. ಆಮೇಲೆ ಎಳೇ ಮೂಳೆ, ಬಲವಿಲ್ಲದ್ದು, ಅಡ್ಡಾದಿಡ್ಡಿ ಹೆಣೆದ ಗೂಡಿನಂಥದ್ದು. ಅದು ಗೋಡೆ ಕಡೆಯಿಂದ ನಡುವಿಗೆ ಬರಬೇಕು, ನಡುಭಾಗಕ್ಕೆ ತಲುಪುವುದು ಕೊನೆಗೆ. ಆಮೇಲೆ ಅದು ಪದರ ಪದರವಾಗಿ ಗಟ್ಟಿಯಾಗಬೇಕು. ನಮ್ಮದೇ ಮೂಳೆ ಹಾಕಿದರೆ ನಾಲ್ಕೈದು ತಿಂಗಳು, ದನದ್ದಾದರೆ ಆರರಿಂದ ಒಂಬತ್ತು ತಿಂಗಳು ಕಾದು ಸ್ಕ್ರೂ ಹಾಕುವುದು ವಾಡಿಕೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಕೂಡಿಕೊಳ್ಳುವುದು ತಡ, ಕೈಕೊಡುವುದೂ ಉಂಟು. ನಾನು ಕಡ್ಡಿಪುಡಿ ಬಿಟ್ಟದ್ದು ಆಗಲೇ. ಮೊದಲ ಹದಿನೈದು ದಿನ ಓಲಗಕ್ಕಿಂತ ಅದೇ ಕಷ್ಟವಾಯಿತು.

ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಮೇಡಂ ಕೇಳಿದ ಮೊದಲ ಪ್ರಶ್ನೆ, 'ಏನ್ ಕೆಲಸ ಮಾಡ್ತೀರಿ ಯಜಮಾನ್ರೇ?' ಓಲಗ ಅಂದೆ. ಪೆನ್ನು ಕೆಳಗಿಟ್ಟರು. 'ಗಟ್ಟಿಮೇಳ ಊದ್ತೀರಾ?' ಅಂದರು. ಅವರು ಮಂಡ್ಯ ಕಡೆಯವರು. 'ಹಾಗಾದ್ರೆ ನಿಮ್ಮ ಡೇಟ್ ನಾನಲ್ಲ, ಪಂಚಾಂಗ ನೋಡಿ ನೀವೇ ಹೇಳಿ' ಅಂದರು. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂದಿತ್ತು. ಎರಡು ತಿಂಗಳು ಲಗ್ನವೇ ಇಲ್ಲ. ಬೇರೆ ವರ್ಷ ಆಗಿದ್ದರೆ ಅಧಿಕ ಮಾಸಕ್ಕೆ ಬೈದುಕೊಳ್ಳುತ್ತಿದ್ದೆ. ಆ ವರ್ಷ ಕೈ ಮುಗಿದೆ. ಜೂನ್ ಕೊನೇ ವಾರ, ಆಷಾಢ ಶುರುವಾದ ಮೇಲೆ ಎರಡನೇ ಆಪರೇಷನ್. ಒಮ್ಮೆ ಕೆಟ್ಟ ಜಾಗದಲ್ಲಿ ಪೊರೆ ಗಾಯಕ್ಕೆ ಅಂಟಿಕೊಂಡಿರುತ್ತೆ, ಬಿಡಿಸುವುದು ಕಷ್ಟ, ಹರಿದರೆ ಅಲ್ಲಿಗೇ ನಿಲ್ಲಿಸುತ್ತೇವೆ ಅಂತ ಮುಂಚೆಯೇ ಹೇಳಿದರು.

ಯಾವ ಮೂಳೆ ಅನ್ನೋದನ್ನೂ ನನ್ನನ್ನೇ ಕೇಳಿದರು. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ತೋರಿಸಿದರು: ನಿಮ್ಮದು, ದಾನಿಯದು, ಪ್ರಾಣಿಯದು, ಕಾರ್ಖಾನೆಯದು. ಪ್ರತಿಯೊಂದರ ಪಕ್ಕ ಎಷ್ಟು ಕಾಯಬೇಕು, ಎಷ್ಟು ದುಡ್ಡು. ನಾನು ಕೆಳದವಡೆಯ ಹಿಂದಿನಿಂದ ಕೆರೆದ ನನ್ನ ಮೂಳೆ, ಜೊತೆಗೆ ಕಾರ್ಖಾನೆಯ ಕಾಳು ಅಂದೆ. ಆಪರೇಷನ್ ದಿನ ನನ್ನ ತೋಳಿನಿಂದ ನಾಲ್ಕು ಟ್ಯೂಬ್ ರಕ್ತ ತೆಗೆದು ಒಂದು ಯಂತ್ರದಲ್ಲಿ ಗಿರಗಿರ ತಿರುಗಿಸಿದರು. ಪೀಜಿ ಓದುವ ಹುಡುಗಿ ಟ್ಯೂಬನ್ನು ಬೆಳಕಿಗೆ ಹಿಡಿದು ತೋರಿಸಿದಳು. ಕೆಳಗೆ ಕೆಂಪು, ಮೇಲೆ ತಿಳಿನೀರು, ನಡುವೆ ಹಳದಿ ಬಿಳುಪಿನ ಒಂದು ಲೋಳೆ. ಚಿಮಟದಿಂದ ಎತ್ತಿದಳು. ಎಳನೀರಿನೊಳಗಿನ ಎಳೇ ಗಂಜಿ ಇರುತ್ತಲ್ಲ, ಥೇಟ್ ಹಾಗೆ. ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್) ಅನ್ನುತ್ತಾರೆ, 2001ರಲ್ಲಿ ಫ್ರಾನ್ಸಿನಲ್ಲಿ ಶುರುವಾದದ್ದು. ಅದನ್ನು ಒತ್ತಿ ಚಪ್ಪಟೆ ಮಾಡಿ ಪೊರೆಯ ಅಡಿಗೆ ಹಾಸಿದರು. ಗಾಯ ಬೇಗ ಮಾಯುವುದಕ್ಕೆ ಸಹಾಯ, ಅದೊಂದೇ ಮೂಳೆ ಕಟ್ಟಿಬಿಡುತ್ತೆ ಅಂದುಕೊಳ್ಳಬೇಡಿ ಅಂತಲೂ ಅವಳೇ ಅಂದಳು. ಇಷ್ಟು ನೇರವಾಗಿ ಹೇಳುವವರನ್ನು ಕಂಡರೆ ನನಗೆ ಅರ್ಧ ನೋವು ಇಳಿದ ಹಾಗೆ.

ಆರು ವಾರ ಪೀಪಿ ಬಾಯಿಗಿಡಬೇಡಿ ಅಂದಿದ್ದರು. ನಾನು ಎಂಟು ವಾರ ಇಡಲಿಲ್ಲ. 2024ರ ಮಾರ್ಚಿನಲ್ಲಿ ಎರಡು ಇಂಪ್ಲಾಂಟ್ ಹಾಕಿದರು. ಕೊರೆಯುವಾಗ ಗಟ್ಟಿ ಮರ ಕೊರೆದ ಸದ್ದು ಬಂತು. 'ಕೇಳಿಸ್ತಾ? ಅದು ನಿಮ್ಮ ಮೂಳೆ' ಅಂದರು ಮೇಡಂ. ಜುಲೈಯಲ್ಲಿ ಮೇಲಿನ ಹಲ್ಲು ಕೂತಿತು. ಈ ಇಂಪ್ಲಾಂಟ್ ವಿದ್ಯೆಯನ್ನು ಮೊದಲು ಮಾಡಿಸಿಕೊಂಡ ಸ್ವೀಡನ್ನಿನ ಯೋಸ್ಟಾ ಲಾರ್ಸನ್ ಅನ್ನುವವರಿಗೆ 1965ರಲ್ಲಿ ಹಾಕಿದ್ದು 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಗಟ್ಟಿಯಾಗಿತ್ತಂತೆ. ನನಗೂ ಅಷ್ಟು ಬಂದರೆ ತೊಂಬತ್ತೈದರವರೆಗೆ ಚಕ್ಕುಲಿ ತಿನ್ನಬಹುದು.

ಈಗ ನನ್ನ ಕೋರಿಕೆ. ನಾನು ಓಲಗ ಊದಿದ ಒಂದು ಮದುವೆಯಲ್ಲಿ ಹುಡುಗಿಯ ಅಪ್ಪ ವಕೀಲರು. ಅವರಿಗೆ ಈ ಕತೆ ಹೇಳಿದೆ. 2008ರಲ್ಲೇ ಸುಪ್ರೀಂ ಕೋರ್ಟು ಸಮೀರಾ ಕೊಹ್ಲಿ ಅನ್ನುವವರ ಕೇಸಿನಲ್ಲಿ ಹೇಳಿದೆಯಂತೆ: ಏನು ಮಾಡುತ್ತೇವೆ, ಬೇರೆ ದಾರಿ ಏನಿದೆ, ಅಪಾಯ ಏನು ಅಂತ ರೋಗಿಗೆ ತಿಳಿಸಿಯೇ ಒಪ್ಪಿಗೆ ತೆಗೆದುಕೊಳ್ಳಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಮಾಡಿದ ರೋಗಿಗಳ ಹಕ್ಕಿನ ಪಟ್ಟಿಯಲ್ಲೂ ಇದು ಇದೆ. ಕಾನೂನು ಇದೆ, ಆದರೆ ಅದು ನಾಲ್ಕು ಪುಟದ ಇಂಗ್ಲಿಷ್ ಫಾರಮ್ಮಿನಲ್ಲಿ ಕೂತಿದೆ. ತುಮಕೂರು ಜಿಲ್ಲೆಯಲ್ಲಿ ಹಲ್ಲು ತೋರಿಸಲು ಬರುವ ರೈತನ ಹೆಂಡತಿಗೆ ಅದರಿಂದ ಏನು ಪ್ರಯೋಜನ?

ಆ ಬೆಂಗಳೂರು ಮೇಡಂ ಬರೆದುಕೊಟ್ಟಂಥ ಒಂದೇ ಒಂದು ಕನ್ನಡ ಹಾಳೆ ಸಾಕು. ನಮ್ಮ ರಾಜ್ಯದಲ್ಲಿ ಇಷ್ಟೊಂದು ದಂತ ಕಾಲೇಜು ಇವೆ. ಅವರೆಲ್ಲ ಸೇರಿ ಒಂದು ಹಾಳೆ ಮಾಡಲಾರರೇ? ಮೂಳೆ ಎಲ್ಲಿಯದು ಅಂತ ಬಾಯಿಬಿಟ್ಟು ಹೇಳಿ. ಪ್ಯಾಕೆಟ್ಟಿನ ಸ್ಟಿಕ್ಕರನ್ನು ರೋಗಿಯ ಕೈಯಲ್ಲಿರುವ ಚೀಟಿಗೂ ಒಂದು ಅಂಟಿಸಿ. ನನ್ನ ಫೈಲಿನಲ್ಲಿ ಅದು ಇದ್ದದ್ದರಿಂದಲೇ ಎರಡನೇ ಡಾಕ್ಟರಿಗೆ ಒಳಗಿರೋದು ಏನು ಅಂತ ಗೊತ್ತಾಯಿತು, ಅಷ್ಟರ ಮಟ್ಟಿಗೆ ಮೊದಲ ಕ್ಲಿನಿಕ್ಕಿಗೆ ನಾನು ಋಣಿ. ಮಾಡಬಾರದ್ದರ ಪಟ್ಟಿಯಲ್ಲಿ ಸ್ಟ್ರಾ, ವಿಮಾನದ ಜೊತೆಗೆ ನಮ್ಮ ಊರುಗಳ ಊದುವ ಕೆಲಸಗಳನ್ನೂ ಸೇರಿಸಿ. ಓಲಗ, ಕೊಳಲು, ಬ್ಯಾಂಡ್‌ಸೆಟ್. ಶಂಖ ಊದುವ ದಾಸಯ್ಯ. ಸೀಟಿ ಊದುವ ಪಿಟಿ ಮೇಷ್ಟ್ರು. ಊದುಗೊಳವೆ ಹಿಡಿದ ಅಕ್ಕಸಾಲಿಗ. ಈಗಲೂ ಸೌದೆ ಒಲೆ ಊದುವ ಹೆಂಗಸರು ನಮ್ಮ ಬೀದಿಯಲ್ಲೇ ನಾಲ್ಕು ಮನೆಯಲ್ಲಿ ಇದ್ದಾರೆ. ಅವರಿಗೆ 'ಮೂಗು ಸೀದಬೇಡಿ' ಅಂತ ಮಾತ್ರ ಹೇಳಿದರೆ, ಮನೆಗೆ ಹೋಗಿ ಮೊದಲು ಮಾಡುವ ಕೆಲಸವೇ ಒಲೆ ಊದುವುದು.

ಡಾಕ್ಟರುಗಳಿಗೆ ಟೈಮ್ ಇಲ್ಲ, ಹೊರಗೆ ಇಪ್ಪತ್ತು ಜನ ಕೂತಿರುತ್ತಾರೆ ಅನ್ನೋದು ನನಗೂ ಗೊತ್ತು. ಆದರೆ 'ಏನ್ ಕೆಲಸ ಮಾಡ್ತೀರಿ' ಅಂತ ಕೇಳುವುದಕ್ಕೆ ಒಂದು ಉಸಿರೂ ಹಿಡಿಯುವುದಿಲ್ಲ.

ನನ್ನ ಜೊತೆ ಎರಡನೇ ನಾಗಸ್ವರ ಊದುವ ಚಿಕ್ಕಪ್ಪನ ಮಗನಿಗೂ ಮೇಲಿನ ದವಡೆ ಹಲ್ಲು ಹೋಗಿದೆ. ಅವನಿಗೂ ಸೈನಸ್ ಲಿಫ್ಟ್ ಮಾಡಬೇಕು ಅಂದಿದ್ದಾರೆ, ಬರುವ ಸೋಮವಾರ ತೋರಿಸಲು ಹೋಗಬೇಕು. ನಾನೂ ಜೊತೆಗೆ ಹೊರಟಿದ್ದೇನೆ. ಪಂಚಾಂಗ ನನ್ನ ಚೀಲದಲ್ಲಿದೆ. ಪೀಪಿಯನ್ನು ಮರೆಯದೆ ಜೇಬಿನಲ್ಲಿ ಇಟ್ಟುಕೊಂಡು ಬಾ, ಡಾಕ್ಟರ ಮೇಜಿನ ಮೇಲೆ ಇಟ್ಟು ತೋರಿಸೋಣ ಅಂತ ಅವನಿಗೆ ಹೇಳಿದ್ದೇನೆ.

ಇಂತಿ,
ಓಲಗದ ಒಬ್ಬ ಕಲಾವಿದ,
ತಿಪಟೂರು ತಾಲ್ಲೂಕು
(ಹೆಸರು, ವಿಳಾಸ ಪ್ರಕಟಿಸಬೇಡಿ ಎಂದು ಕೋರಿಕೆ)